ಬೂದಿ ಹಚ್ಚಿದ ಕೈ

ಅಕ್ಷಿತಾ ಶಾಪ ಹಾಕಿದ್ದು ತುಳುವಿನಲ್ಲಿ. ನಮಗಿದ್ದ ಧೈರ್ಯ ಅದೊಂದೇ.

ನಮ್ಮ ಕಡೆಯವರಿಗೆ ಒಂದು ಹಳೆಯ ನಂಬಿಕೆ ಉಂಟು. ಘಟ್ಟ ಹತ್ತಿದ ಮೇಲೆ ತುಳು ಯಾರಿಗೂ ತಿಳಿಯುವುದಿಲ್ಲ ಎಂದು. ಬೊಂಬಾಯಿಯ ರೈಲಿನಲ್ಲಿ ಎದುರು ಕೂತವನ ಮೂಗಿನ ಬಗ್ಗೆ ಮಾತಾಡಬೇಕಾದರೂ, ಬೆಂಗಳೂರಿನ ಸೀರೆ ಅಂಗಡಿಯಲ್ಲಿ ರೇಟು ಹೆಚ್ಚಾಯಿತೆಂದು ಅಕ್ಕತಂಗಿಯರು ಪಿಸುಗುಟ್ಟಬೇಕಾದರೂ ನಾವು ತುಳುವಿಗೆ ಇಳಿಯುತ್ತೇವೆ. ಬಾಗಿಲು ಹಾಕಿಕೊಂಡು ಮಾತಾಡಿದಷ್ಟು ನಿಶ್ಚಿಂತೆ.

ಅದೇ ನಿಶ್ಚಿಂತೆಯಲ್ಲಿ ನನ್ನ ಮೊಮ್ಮಗಳು ಆ ಮಂಗಳವಾರ ಫೋನು ಬಾಯಿಗೆ ಹಿಡಿದು ಮಾತಾಡಿದಳು. ನಲವತ್ತು ಸೆಕೆಂಡು. ಅವಳ ಗಂಡ ರೋಹಿತ್ ಎಣ್ಣೆ ಹಡಗೊಂದರ ಎಂಜಿನ್ ರೂಮಿನಲ್ಲಿ ಯಂತ್ರಗಳಿಗೆ ಎಣ್ಣೆ ಹಾಕುವ ಆಯಿಲರ್. ಆ ಹಡಗನ್ನು ಒಂದು ದೇಶದ ನೌಕಾಪಡೆಯವರು ತಡೆದು, ತಮ್ಮ ಬಂದರಿಗೆ ಒಯ್ದು, ಇಪ್ಪತ್ತೊಂದು ಜನರನ್ನೂ ಹಿಡಿದಿಟ್ಟಿದ್ದಾರೆ ಎಂಬ ಸುದ್ದಿ ಬಂದು ಒಂದು ಗಂಟೆಯೂ ಆಗಿರಲಿಲ್ಲ.

"ಅವರ ಮೇಲೆ ಬಾಂಬು ಹಾಕುವವರೇ ಸರಿ," ಎಂದಳು ಅಕ್ಷಿತಾ. "ಇನ್ನೂ ಹಾಕಲಿ. ಅವರ ಮನೆಗಳು ಉರಿಯಲಿ. ಅವರ ಹೆಂಗಸರು ನನ್ನ ಹಾಗೆ ನೆಲದಲ್ಲಿ ಬಿದ್ದು ಅಳಲಿ."

ಆ ಎರಡು ದೇಶಗಳ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹಡಗು ಹಿಡಿದದ್ದನ್ನು ಹಿಡಿದ ದೇಶ ಎನ್ನುತ್ತೇನೆ. ಅದರ ಮೇಲೆ ಬಾಂಬು ಹಾಕುತ್ತಿದ್ದುದನ್ನು ಎದುರು ದೇಶ ಎನ್ನುತ್ತೇನೆ. ಕಾರಣವನ್ನು ಕಡೆಗೆ ಹೇಳುತ್ತೇನೆ.

ಆ ಮಾತನ್ನು ಅವಳು ಮನೆಯವರ ವಾಟ್ಸಾಪ್ ಗುಂಪಿಗೆ ಮಾತ್ರ ಹಾಕಿದ್ದಳು. ಹದಿನಾಲ್ಕು ಜನ. ಅವರಲ್ಲಿ ರೋಹಿತನ ಅಣ್ಣ ವಿಕಾಸ್ ಒಬ್ಬ. ಕಾಪು ಪೇಟೆಯಲ್ಲಿ ಅವನಿಗೆ ಮೊಬೈಲ್ ಅಂಗಡಿ, ಅಲ್ಲಿಯ ಯುವಕ ಮಂಡಲಕ್ಕೂ ಅವನೇ ಅಧ್ಯಕ್ಷ. 'ನಮ್ಮ ಮನೆಯ ಹೆಣ್ಣಿನ ನೋವು ಕೇಳಿ' ಎಂದು ಬರೆದು ಅವನು ಅದನ್ನು ಮಂಡಲದ ಗುಂಪಿಗೆ ದಾಟಿಸಿದ. ಅಲ್ಲಿಂದ ಅದು ದುಬೈಗೆ, ಬಹರೈನಿಗೆ, ಮಸ್ಕತ್ತಿಗೆ ಹೋಯಿತು. ಅಲ್ಲೆಲ್ಲ ಬೀದಿಗೆ ನಾಲ್ಕು ಜನ ನಮ್ಮವರೇ. ಮೂರನೆಯ ಸಂಜೆ ಟಿವಿಯಲ್ಲಿ ಅಕ್ಷಿತಾಳ ಮದುವೆಯ ಫೋಟೋ, ಅದರ ಹಿಂದಿನಿಂದ ಅವಳ ದನಿ, ಅಡಿಯಲ್ಲಿ ಒಂದೊಂದು ಸಾಲಿಗೂ ಕನ್ನಡ ಮತ್ತು ಇಂಗ್ಲಿಷ್.

ನೆರೆಮನೆಯ ಪಾಸ್ಕಲ್ ನಮ್ಮ ಜಗಲಿಯಲ್ಲಿ ನಿಂತು ಅದನ್ನು ನೋಡಿದ. ಮೂವತ್ತು ವರ್ಷ ಹಡಗಿನಲ್ಲಿ ದುಡಿದು ಬಂದವ ಅವನು. ತಲೆಯ ಟೊಪ್ಪಿ ತೆಗೆದ.

"ಹೋಯ್ತು ಅಜ್ಜಿ," ಎಂದ. "ತುಳುವಿಗೂ ಪಾಸ್‌ಪೋರ್ಟ್ ಆಯ್ತು."

ನಗುವವರು ಯಾರೂ ಇರಲಿಲ್ಲ. ಅವನೂ ನಗಲಿಲ್ಲ.

ರೋಹಿತ್ ಹಡಗು ಹತ್ತಿದಾಗೆಲ್ಲ ನಾನು ಬಜಗೋಳಿಯಿಂದ ಕಾಪುವಿಗೆ ಬಂದು ಮೊಮ್ಮಗಳ ಜೊತೆ ಇರುತ್ತೇನೆ. ಅವಳು ಬೆಳಿಗ್ಗೆ ಮಣಿಪಾಲದ ಲ್ಯಾಬಿಗೆ ಹೋಗಿ ಸಂಜೆ ಬರುತ್ತಾಳೆ. ಊರವರ ರಕ್ತವನ್ನೆಲ್ಲ ಪರೀಕ್ಷೆ ಮಾಡುವುದು ಅವಳ ಕೆಲಸ. ಆ ದಿನಗಳಲ್ಲಿ ರಜೆ ಹಾಕಿ ಮನೆಯಲ್ಲೇ ಇದ್ದಳು.

ದೆಹಲಿಯಿಂದ ದಿನಾ ಸಂಜೆ ಐದಕ್ಕೆ ಒಂದು ಫೋನು ಬರುತ್ತಿತ್ತು. ರಾಜಶ್ರೀ ಎಂಬ ಅಧಿಕಾರಿ, ವಿದೇಶಾಂಗ ಕಚೇರಿಯವರು. ಧಾರವಾಡದ ಕಡೆಯ ಮಾತು. ಅಕ್ಷಿತಾ ಅತ್ತುಬಿಡುತ್ತಾಳೆಂದು ಅವರು ನನ್ನ ಹತ್ತಿರವೇ ಮಾತಾಡುತ್ತಿದ್ದರು. ಎರಡನೆಯ ವಾರದ ಗುರುವಾರ ಅವರ ದನಿ ಬೇರೆಯಾಗಿತ್ತು.

"ಅಜ್ಜಿಯವರ, ಕೂತಗೊಂಡೀರೇನು?"

"ಕೂತಿದ್ದೇನೆ, ಹೇಳಿ."

"ಹಡಗಿನ ಮಂದೀನ ಅವರು ಎರಡು ಸಾಲು ಮಾಡ್ಯಾರ. ಎದುರು ಪಾಳಯದ ದೇಶದವರು ಒಂದು ಸಾಲು. ಯಾವ ಪಾಳಯಕ್ಕೂ ಸೇರದ ದೇಶದವರು ಇನ್ನೊಂದು ಸಾಲು. ನಮ್ಮವರು ಒಂಬತ್ತು ಮಂದಿ ಎರಡನೇ ಸಾಲಿನಾಗ ಅದಾರ. ಅದರಾಗ ನಾಲ್ಕು ಮಂದೀನ ಸೋಮವಾರ ಬಿಡ್ತೀವಿ ಅಂತ ಮೂರನೇ ದೇಶವೊಂದರ ಮುಖಾಂತರ ಹೇಳಿ ಕಳಿಸ್ಯಾರ. ಮಂಗಳವಾರ ನಾ ನೋಡಿದ ಪಟ್ಟಿಯೊಳಗ ರೋಹಿತ್ ಹೆಸರಿತ್ತು."

ಅವರು ಮುಂದೆ ಏನು ಹೇಳುತ್ತಾರೆಂದು ಗೊತ್ತಾಗಿತ್ತು.

"ಇವತ್ತಿಲ್ಲ. ಆ ಶಾಪದ ಮಾತು ಅವರ ಕಿವಿಗೆ ಬಿದ್ದದ. ಈ ಮನಿ ಎದುರು ದೇಶದ ಕಡೆಯವರದು ಅಂತ ಬರಕೊಂಡಾರ."

"ಇನ್ನು ಎಂತ ಮಾಡುವುದು?"

"ಭಾನುವಾರ ಸಂಜೀ ಆರಕ್ಕ ಪಟ್ಟಿ ಮುಗೀತದ. ಅಲ್ಲೀತನಕ ನಾವು ಪ್ರಯತ್ನ ಮಾಡ್ತೀವಿ. ನಮ್ಮ ದೇಶ ಯಾರ ಗುಂಪಿನಾಗೂ ಇಲ್ಲ ಅನ್ನೋದೊಂದೇ ನಮ್ಮ ಕೈಯಾಗಿನ ಹಗ್ಗ. ಮನಿಯವರು ಯಾರೂ ತುಟಿ ಬಿಚ್ಚಬ್ಯಾಡ್ರಿ. ಹಗ್ಗ ಹರೀತದ."

ಫೋನು ಇಟ್ಟ ಮೇಲೆ ನನಗೆ ಒಂದು ಶಬ್ದ ನೆನಪಾಯಿತು. ಅಲಿಪ್ತ. ನಲವತ್ತನೆಯ ವಯಸ್ಸಿನಲ್ಲಿ ಕಲಿತದ್ದು.

ಕಾರ್ಕಳದ ಗೇರುಬೀಜದ ಕಾರ್ಖಾನೆಯಲ್ಲಿ ನಾನು ಮೂವತ್ತೊಂದು ವರ್ಷ ಬೀಜ ಒಡೆದವಳು. ದಿನದ ಕೆಲಸ ಮುಗಿಸಿ ಬಂದ ಹೆಂಗಸರಿಗೆ ಬಜಗೋಳಿಯಲ್ಲಿ ವಿಠಲ ಮಾಸ್ಟ್ರು ರಾತ್ರಿ ಶಾಲೆ ನಡೆಸುತ್ತಿದ್ದರು. ಅಕ್ಷರ ಬಂದ ಮೇಲೆ ದಿನಕ್ಕೊಂದು ಪೇಪರಿನ ಸುದ್ದಿ ಓದಿಸುತ್ತಿದ್ದರು. ಒಂದು ದಿನ ನನ್ನ ಸರದಿಗೆ ಸಿಕ್ಕಿದ್ದು 'ಭಾರತದ ಅಲಿಪ್ತ ನೀತಿ'. ನಾಲಗೆ ಎರಡು ಸಲ ಜಾರಿತು.

"ಹಾಗೆಂದರೆ ಎಂತ ಮಾಸ್ಟ್ರೇ?" ಎಂದಳು ನನ್ನ ಪಕ್ಕದ ತೆರೆಸಾ. "ಇಬ್ಬರು ಹೊಡೆದಾಡುವಾಗ ಬಾಗಿಲು ಹಾಕಿ ಒಳಗೆ ಕೂರುವುದಾ? ನನ್ನ ಗಂಡನ ಹಾಗೆ?"

"ಅದು ತಟಸ್ಥ," ಎಂದರು ಮಾಸ್ಟ್ರು. "ನಿಮ್ಮ ಯುದ್ಧ ನಿಮಗೆ, ನಾನು ಇಲ್ಲ ಅನ್ನುವವ. ಕೆಲವು ದೇಶಗಳು ಹಾಗೆಯೂ ಉಂಟು. ಅಲಿಪ್ತ ಬೇರೆ. ತೆರೆಸಾ, ಬೀಜ ಒಡೆಯುವಾಗ ಕೈಗೆ ಎಂತ ಹಚ್ಚುತ್ತಿ?"

"ಬೂದಿ."

"ಯಾಕೆ?"

"ಸಿಪ್ಪೆಯ ಸೊನೆ ಅಂಟಬಾರದಲ್ಲ. ಅಂಟಿದರೆ ಚರ್ಮ ಸುಟ್ಟು ಬರ್ತದೆ."

"ಮತ್ತೆ ಬೀಜವನ್ನು ಮುಟ್ಟದೆ ಕೂತರೆ ಆಗುವುದಿಲ್ಲವಾ?"

"ಕೂತರೆ ಮೇಸ್ತ್ರಿ ಬಿಡ್ತಾನಾ?"

ಎಲ್ಲರೂ ನಕ್ಕೆವು. ಮಾಸ್ಟ್ರು ನಗು ನಿಲ್ಲುವವರೆಗೆ ಕಾದರು. "ಅದೇ. ಇಡೀ ದಿನ ಬೀಜದ ನಡುವೆ ಕೈ. ಅಂಟಿಸಿಕೊಳ್ಳಬಾರದು, ಕೆಲಸ ಬಿಡಲೂಬಾರದು. ಎರಡು ದೊಡ್ಡ ಪಾಳಯ ಇದ್ದಾಗ ಯಾವುದಕ್ಕೂ ಸೇರುವುದಿಲ್ಲ ಅನ್ನಬೇಕು. ಆದರೆ ಇವನು ತಪ್ಪು ಮಾಡಿದಾಗ ಇವನಿಗೆ ತಪ್ಪು ಅನ್ನಬೇಕು, ಅವನು ಮಾಡಿದಾಗ ಅವನಿಗೆ. ಬಾಯಿ ನಮ್ಮದೇ ಇರಬೇಕು. ನಮ್ಮವರೂ ಎಲ್ಲಾ ಸಲ ಹಾಗೆ ನಡೆದುಕೊಂಡಿದ್ದಾರೆ ಅಂತ ನಾನು ಹೇಳುವುದಿಲ್ಲ. ಶಬ್ದದ ಅರ್ಥ ಮಾತ್ರ ಅದು."

"ಬೂದಿ ಹಚ್ಚಿದರೂ ಸ್ವಲ್ಪ ಸುಡ್ತದೆ ಮಾಸ್ಟ್ರೇ," ಎಂದಳು ತೆರೆಸಾ.

"ಸುಡ್ತದೆ. ಆದರೆ ಕೈ ಉಳೀತದೆ."

ಶುಕ್ರವಾರ ಬೆಳಿಗ್ಗೆ ವಿಕಾಸ್ ಬಂದ. ಕೂರು ಎಂದರೆ ಕೂರಲಿಲ್ಲ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು. ತಮ್ಮನನ್ನು ಸಣ್ಣವನಿದ್ದಾಗ ಸೈಕಲಿನಲ್ಲಿ ಶಾಲೆಗೆ ಬಿಟ್ಟವನು ಅವನು. ಅವನ ಸಂಕಟ ನಾಟಕವಲ್ಲ ಎಂದು ನನಗೆ ಗೊತ್ತಿತ್ತು.

"ಭಾನುವಾರ ಹತ್ತು ಗಂಟೆಗೆ ಕಾಪು ಪೇಟೆಯಲ್ಲಿ ಪ್ರತಿಭಟನೆ, ಅಜ್ಜಿ. ಟಿವಿಯವರು ಬರ್ತಾರೆ. ಆ ದೇಶದ ಬಾವುಟ ಸುಡುವುದು. ಎದುರಿನಲ್ಲಿ ನೀವು ಮತ್ತು ಅಕ್ಷಿತಾ ನಿಲ್ಲಬೇಕು."

ರಾಜಶ್ರೀಯವರು ಹೇಳಿದ್ದನ್ನೆಲ್ಲ ನಾನು ಅವನಿಗೆ ಹೇಳಿದೆ. ಪಟ್ಟಿ, ಹೆಸರು ಹೊಡೆದುಹಾಕಿದ್ದು, ಭಾನುವಾರ ಸಂಜೆ ಆರು. ಅವನು ದಾಟಿಸಿದ ಆ ನಲವತ್ತು ಸೆಕೆಂಡಿನ ಬಗ್ಗೆಯೂ ಹೇಳಿದೆ. ಅವನ ಮುಖ ಬಿಳುಚಿತು. ಆಮೇಲೆ ಸಿಟ್ಟು ಬಂತು. ತನ್ನಿಂದಲೇ ಆಯಿತು ಎಂದು ತಿಳಿದವನ ಸಿಟ್ಟು ಹೆಚ್ಚು.

"ಹಾಗಾದರೆ ಬಾಯಿ ಮುಚ್ಚಿ ಕೂರುವುದಾ? ಎರಡು ವಾರ ಕೂತೆವಲ್ಲ, ಎಂತ ಸಿಕ್ಕಿತು? ದೆಹಲಿಯವರದ್ದು ಅದೇ ಕಥೆ. ನಾವು ಯಾರ ಕಡೆಯೂ ಅಲ್ಲ, ನಾವು ಯಾರ ಕಡೆಯೂ ಅಲ್ಲ. ಯಾರ ಕಡೆಯೂ ಇಲ್ಲದವನಿಗೆ ಯಾರು ಹೆದರ್ತಾರೆ? ಹೆದರಿಕೆ ಇದ್ದರೆ ಬಿಡ್ತಿದ್ದರು."

"ನೀನು ಬಾವುಟ ಸುಟ್ಟರೆ ಹೆದರ್ತಾರಾ?"

"ಹೆದರದಿದ್ದರೆ ಬೇಡ. ನಾವು ಸತ್ತಿಲ್ಲ ಅಂತ ಗೊತ್ತಾಗ್ಲಿ."

"ಸಾಯುವುದು ನೀನಲ್ಲ ಮಗಾ."

ಅವನು ಬಾಗಿಲಿನವರೆಗೆ ಹೋಗಿ ತಿರುಗಿದ. "ನೀವು ಬರದಿದ್ದರೂ ಆಗ್ತದೆ ಅಜ್ಜಿ. ನನ್ನ ತಮ್ಮ ಅವನು. ನಿಮಗೆ ಮೊಮ್ಮಗಳ ಗಂಡ ಮಾತ್ರ."

ಅಂಟಿದ ಸೊನೆ ಹಾಗೆ. ಯಾರನ್ನು ಸುಡುತ್ತೇನೆ ಎಂದು ನೋಡುವುದಿಲ್ಲ.

ಶನಿವಾರ ಮಧ್ಯಾಹ್ನ ರೋಹಿತನಿಗೆ ಮಾತಾಡಲು ಎರಡು ನಿಮಿಷ ಕೊಟ್ಟರು. ಅಕ್ಷಿತಾ ಫೋನು ಎತ್ತಿ ಅವನ ಹೆಸರು ಹಿಡಿದು ತುಳುವಿನಲ್ಲಿ ಮಾತು ಸುರು ಮಾಡಿದಳು. ಆಚೆಯಿಂದ ಅವನು ಹಿಂದಿಯಲ್ಲಿ, ಗಟ್ಟಿಯಾಗಿ, ಯಾರಿಗೋ ಓದಿ ಹೇಳುವವನ ಹಾಗೆ ಮಾತಾಡಿದ. ತುಳು ಮಾತಾಡಬಾರದು ಎಂದಿದ್ದಾರೆ. ಪಕ್ಕದಲ್ಲಿ ಹಿಂದಿ ತಿಳಿದವನೊಬ್ಬ ಕೂತಿದ್ದಾನೆ. ಇನ್ನೊಂದು ಶಬ್ದ ತುಳು ಬಂದರೆ ಫೋನು ತೆಗೆಯುತ್ತಾರೆ.

ಮದುವೆಯಾಗಿ ನಾಲ್ಕು ವರ್ಷ. ಅವರಿಬ್ಬರೂ ಒಂದು ದಿನವೂ ಹಿಂದಿಯಲ್ಲಿ ಮಾತಾಡಿದವರಲ್ಲ. ಅಕ್ಷಿತಾಳ ಹಿಂದಿ ಸಿನಿಮಾ ನೋಡಿ ಕಲಿತದ್ದು. ಹೇಳಬೇಕಾದ್ದು ಯಾವುದೂ ಅವಳ ಬಾಯಿಗೆ ಬರಲಿಲ್ಲ. "ಖಾನಾ ಖಾಯಾ?" ಎಂದು ಮೂರು ಸಲ ಕೇಳಿದಳು. ಅವನು ಮೂರು ಸಲವೂ ಹೌದು ಎಂದ. ಕಡೆಗೆ, "ಅಜ್ಜಿಯ ಕಣ್ಣು ಹೇಗಿದೆ, ಕ್ಯಾಪ್ಟನ್ ಕೇಳಿದರು" ಎಂದ. ಅಷ್ಟರಲ್ಲಿ ಫೋನು ಕಟ್ಟಾಯಿತು.

ಫೆಬ್ರವರಿಯಲ್ಲಿ ಮಣಿಪಾಲದಲ್ಲಿ ನನ್ನ ಕಣ್ಣಿನ ಆಪರೇಷನ್ ಆಗಿತ್ತು. ಆ ದಿನ ನಡುಗಡಲಿನಲ್ಲಿ ರೋಹಿತನಿಗೆ ಸಿಗ್ನಲ್ ಇಲ್ಲದೆ, ಕ್ಯಾಪ್ಟನ್ ತನ್ನ ಸ್ಯಾಟಲೈಟ್ ಫೋನನ್ನೇ ಕೊಟ್ಟಿದ್ದ. ತಾನೂ ಫೋನು ತೆಗೆದುಕೊಂಡು, "ಗ್ರ್ಯಾಂಡ್‌ಮದರ್ ಓಕೆ?" ಎಂದು ನನ್ನನ್ನು ಕೇಳಿದ್ದ. ಕ್ಯಾಪ್ಟನ್ ನಮ್ಮ ದೇಶದವನಲ್ಲ. ಮೊದಲನೆಯ ಸಾಲಿನವನು.

ಆ ಶನಿವಾರ ಸಂಜೆ ಅಕ್ಷಿತಾಳ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅವಳು ಪುಸ್ತಕಗಳಿಗೆ ಫೋನನ್ನು ಒರಗಿಸಿಟ್ಟು, ಕೈಯಲ್ಲಿ ಒಂದು ಕಾಗದ ಹಿಡಿದು ಅದರ ಎದುರು ಓದುತ್ತಿದ್ದಳು. ನನ್ನನ್ನು ನೋಡಿ ನಿಲ್ಲಿಸಿದಳು.

"ಎಂತ ಅದು?"

"ಕೆಲಸ ಕೊಡಿಸಿದ ಏಜೆನ್ಸಿಯವನು ಕಳಿಸಿದ. ಹಿಡಿದ ದೇಶದಲ್ಲಿ ಅವನಿಗೆ ಜನ ಗೊತ್ತುಂಟಂತೆ. ಹೀಗೆ ಓದಿ ವಿಡಿಯೊ ಕಳಿಸಿದರೆ ನಾಳೆ ಪಟ್ಟಿಗೆ ಹೆಸರು ಸೇರಿಸ್ತಾರಂತೆ."

ಕಾಗದ ತೆಗೆದುಕೊಂಡು ಓದಿದೆ. ನಮ್ಮ ಮನೆಯವರು ಹಿಡಿದ ದೇಶದ ಯುದ್ಧಕ್ಕೆ ಬೆಂಬಲ ಕೊಡುತ್ತೇವೆ ಎಂದಿತ್ತು. ಹಡಗಿನಲ್ಲಿ ಕಳ್ಳ ಸಾಮಾನು ಇತ್ತು, ಅದು ಕ್ಯಾಪ್ಟನ್ನನ ಕೆಲಸ, ಹಾಗೆಂದು ನನ್ನ ಗಂಡ ನನಗೆ ಮೊದಲೇ ಹೇಳಿದ್ದ ಎಂದಿತ್ತು.

"ರೋಹಿತ್ ನಿನಗೆ ಹೇಳಿದ್ದನಾ?"

"ಇಲ್ಲ."

"ಮತ್ತೆ?"

"ಮತ್ತೆ ಎಂತ ಅಜ್ಜಿ?" ಅವಳ ದನಿ ಒಡೆಯಿತು. "ಕ್ಯಾಪ್ಟನ್ ಯಾರು ನನಗೆ? ಅವನಿಗೆ ಅವನ ದೇಶ ಉಂಟು, ದೊಡ್ಡ ದೊಡ್ಡ ಬಾಂಬುಗಳಿದ್ದಾವೆ. ನನಗೆ ಇರುವುದು ಈ ಕಾಗದ ಮಾತ್ರ. ಒಂದು ಸಲ ಬಾಯಿಬಿಟ್ಟು ನನ್ನ ಗಂಡನನ್ನು ಕಳೆದುಕೊಂಡೆ. ಇನ್ನೊಂದು ಸಲ ಬಾಯಿಬಿಟ್ಟರೆ ಸಿಗ್ತಾನೆ ಅಂದರೆ ಬಿಡಬಾರದಾ?"

"ಅವತ್ತು ಆ ಪಾಳಯದ ಬಾಯಿ ತಂದುಕೊಂಡೆ. ಇವತ್ತು ಈ ಪಾಳಯದ ಬಾಯಿ. ನಿನ್ನ ಬಾಯಿ ಎಲ್ಲಿ ಮಗಳೇ? ಅವರ ಹತ್ತಿರ ನಿನ್ನ ಎರಡು ಮಾತು ಇರ್ತದೆ. ಯಾವುದನ್ನು ನಂಬ್ತಾರೆ?"

ಅವಳು ಒರಗಿಸಿಟ್ಟ ಫೋನನ್ನು ಮಗುಚಿ ಹಾಕಿದಳು.

"ಮತ್ತೆ ಆ ಕ್ಯಾಪ್ಟನ್. ಈ ಕಾಗದ ಅವನ ಕುತ್ತಿಗೆಗೆ ಹೋಗ್ತದೆ. ಇವತ್ತು ಮಧ್ಯಾಹ್ನ ಅವನು ನನ್ನ ಕಣ್ಣು ಹೇಗಿದೆ ಅಂತ ಕೇಳಿದ್ದಾನೆ."

ಅಕ್ಷಿತಾ ಕಾಗದವನ್ನು ಹರಿಯಲಿಲ್ಲ. ಮಡಚಿ ದಿಂಬಿನ ಅಡಿಯಲ್ಲಿ ಇಟ್ಟಳು. ಭಾನುವಾರ ಆರು ಗಂಟೆಯವರೆಗೆ ಅದು ಅಲ್ಲೇ ಇರುತ್ತದೆ ಎಂದು ಹೇಳಿದ ಹಾಗಿತ್ತು.

ಐದು ಗಂಟೆಗೆ ರಾಜಶ್ರೀಯವರ ಫೋನು ಬಂದಾಗ ನಾನು ಕೇಳಿದೆ. "ನಾನೇ ಒಂದು ಮಾತು ಹೇಳಲಾ? ಯಾರ ಪರವೂ ಅಲ್ಲದ ಮಾತು."

"ಬ್ಯಾಡ್ರಿ. ಒಂದು ಶಬ್ದ ಆಕಡೆ ಈಕಡೆ ಆದ್ರ ಕೆಟ್ಟೋಗತದ. ಸುಮ್ಮನಿರ್ರಿ."

"ಸುಮ್ಮನಿದ್ದರೆ ನಮ್ಮ ಮನೆಯಿಂದ ಹೋದ ಕಡೆಯ ಮಾತು ಆ ಶಾಪವೇ ಆಗ್ತದಲ್ಲ?"

"ನಾ ಬ್ಯಾಡ ಅಂದೀನಿ," ಎಂದು ಫೋನು ಇಟ್ಟರು.

ಭಾನುವಾರ ಒಂಬತ್ತೂವರೆಗೆ ನಾನು ಪಾಸ್ಕಲನನ್ನು ಕರೆದುಕೊಂಡು ಪೇಟೆಗೆ ನಡೆದೆ. ಅಕ್ಷಿತಾಳನ್ನು ಕರೆಯಲಿಲ್ಲ. ಪಾಸ್ಕಲನ ಹೆಂಡತಿ ವಿಲ್ಮಾ ಅವಳ ಜೊತೆ ಕೂತಳು. ಕಾಗದದ ಸಂಗತಿ ವಿಲ್ಮಾಳಿಗೆ ಹೇಳಿದ್ದೆ.

ಪೇಟೆಯಲ್ಲಿ ನೂರೈವತ್ತು ಜನ ಇದ್ದರು. ಬಸ್ಸುಗಳು ನಿಧಾನ ಮಾಡಿ ಕಿಟಕಿಯಿಂದ ತಲೆಗಳು ಹೊರಗೆ ಬರುತ್ತಿದ್ದವು. ಪೊಲೀಸಿನವರಿಬ್ಬರು ಜ್ಯೂಸ್ ಅಂಗಡಿಯ ನೆರಳಿನಲ್ಲಿ ನಿಂತಿದ್ದರು. ಕ್ಯಾಮರಾ ಇಟ್ಟು ಪ್ರಖ್ಯಾತ್ ಎಂಬ ವರದಿಗಾರ ಮೈಕಿನ ತಂತಿ ಬಿಡಿಸುತ್ತಿದ್ದ. ಮಧ್ಯದಲ್ಲಿ ವಿಕಾಸ್. ಅವನ ಪಕ್ಕದಲ್ಲಿ ಇಬ್ಬರು ಬಾವುಟವನ್ನು ಎರಡು ತುದಿಯಲ್ಲಿ ಹಿಡಿದಿದ್ದರು. ಸೀಮೆಎಣ್ಣೆಯ ವಾಸನೆ ನಾನು ಹತ್ತಿರ ಹೋಗುವ ಮೊದಲೇ ಬಂತು.

"ಬಂದಿರಾ ಅಜ್ಜಿ," ಎಂದ ವಿಕಾಸ್. ಅವನ ಮುಖದಲ್ಲಿ ಒಂದು ಕ್ಷಣ ಮಗುವಿನ ಸಂತೋಷ. "ದಾರಿ ಬಿಡಿ, ಅಜ್ಜಿ ಬಂದರು."

"ಸುಡಲು ಬಂದದ್ದಲ್ಲ ಮಗಾ. ಸುಡಬೇಡ ಅಂತ ಹೇಳಲು ಬಂದೆ."

ಹಿಂದಿನಿಂದ ಯಾರೋ ಕೂಗಿದ. "ಅಜ್ಜಿ ಯಾರ ಕಡೆ? ಆ ದೇಶದವರು ಪಿಂಚಣಿ ಕೊಡ್ತಾರಾ?"

ನಗು ಎದ್ದಿತು. ವಿಕಾಸ್ ನಗಲಿಲ್ಲ. ಕಿಸೆಯಿಂದ ಬೆಂಕಿಪೊಟ್ಟಣ ತೆಗೆದ. "ಬದಿಗೆ ನಿಲ್ಲಿ ಅಜ್ಜಿ. ಸೆರಗಿಗೆ ಬೆಂಕಿ ತಾಗ್ತದೆ."

"ರೋಹಿತನನ್ನು ಒಂದು ಕೋಣೆಯಲ್ಲಿ ಕೂರಿಸಿ ಇದನ್ನು ತೋರಿಸ್ತಾರೆ. ನಿನ್ನ ಮುಖ ಕಾಣ್ತದೆ ಅವನಿಗೆ."

ಅವನ ಕೈ ಕಡ್ಡಿಯ ಮೇಲೆ ನಿಂತಿತು. ಆದರೆ ನಿಂತದ್ದು ಕ್ಷಣ ಮಾತ್ರ. ನೂರೈವತ್ತು ಜನರೆದುರು ಹೊರಟವನಿಗೆ ಹಿಂದೆ ಬರುವ ದಾರಿ ಇರುವುದಿಲ್ಲ. ಅವನು ಕಡ್ಡಿ ಗೀರಿದ.

ಆಗ ಪಾಸ್ಕಲ್ ಮುಂದೆ ಬಂದು ಬಾವುಟದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. ಹಡಗಿನಲ್ಲಿ ಬಾವುಟ ಏರಿಸುವುದು ಇಳಿಸುವುದು ಅವನ ಕೆಲಸವೇ ಆಗಿತ್ತು.

"ವಿಕಾಸಣ್ಣ, ಇದು ಎಲ್ಲಿ ಹೊಲಿಸಿದ್ದು?"

"ಯಾಕೆ? ಪಡುಬಿದ್ರಿಯಲ್ಲಿ."

"ಟೈಲರ್ ಬಣ್ಣ ಮೇಲೆ ಕೆಳಗೆ ಮಾಡಿದ್ದಾನೆ ಮಾರಾಯ. ಇದು ಆ ದೇಶದ್ದಲ್ಲ. ಬೇರೆ ದೇಶದ್ದು. ಈ ಗಲಾಟೆಯಲ್ಲೇ ಇಲ್ಲ ಅವರು, ಪಾಪ. ಅವರ ಹಡಗಿನಲ್ಲಿ ನಾನು ಎರಡು ವರ್ಷ ಇದ್ದೆ. ಒಳ್ಳೆ ಊಟ ಕೊಡ್ತಿದ್ದರು."

ಕಡ್ಡಿ ವಿಕಾಸನ ಬೆರಳಿನವರೆಗೆ ಉರಿದು ಬಂತು. ಅವನು ಕೈ ಕೊಡವಿದ. ಮೊದಲು ನಕ್ಕವರು ಬಾವುಟ ಹಿಡಿದ ಹುಡುಗರೇ. ಆಮೇಲೆ ನಗು ಬಸ್ಸಿನ ಕಿಟಕಿಯವರೆಗೆ ಹೋಯಿತು. ವಿಕಾಸ್ ಮಾತ್ರ ಸುಟ್ಟ ಬೆರಳನ್ನು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ನೀರಿತ್ತು.

"ಹಾಗಾದರೆ ನೀವೇ ಹೇಳಿ ಅಜ್ಜಿ," ಎಂದ, ಬೇರೆ ಯಾರಿಗೂ ಕೇಳದ ಹಾಗೆ. "ನನಗೆ ಎಂತ ಮಾಡಬೇಕು ಗೊತ್ತಾಗುವುದಿಲ್ಲ."

ಪ್ರಖ್ಯಾತ್ ಮೈಕನ್ನು ನನ್ನ ಬಾಯಿಗೆ ಹಿಡಿದ. "ಅಜ್ಜಿ, ನೇರ ಪ್ರಸಾರ. ನೀವು ಯಾವ ದೇಶದ ಪರ?"

ನಾನು ತುಳುವಿನಲ್ಲೇ ಹೇಳಿದೆ. ಕೆಟ್ಟದ್ದು ಹೋದ ದಾರಿಯಲ್ಲೇ ಇದೂ ಹೋಗಲಿ ಎಂದು.

"ಯಾರ ಪರವೂ ಅಲ್ಲ. ನನ್ನ ಮೊಮ್ಮಗಳು ಶಾಪ ಹಾಕಿದಳು. ಅದು ತಪ್ಪು. ಯಾರ ಮನೆಯೂ ಉರಿಯಬಾರದು. ಆ ದೇಶದಲ್ಲಿಯೂ ನನ್ನ ಪ್ರಾಯದ ಹೆಂಗಸರು ಮಂಚದ ಕೆಳಗೆ ಕೂತಿರಬಹುದು. ಅವರ ಮೇಲೆ ಬಾಂಬು ಹಾಕುವುದು ತಪ್ಪು. ಹಾಕುವವರಿಗೆ ಅದನ್ನು ಹೇಳ್ತೇನೆ. ದುಡಿಯಲು ಹೋದ ಇಪ್ಪತ್ತೊಂದು ಜನರನ್ನು ಹಿಡಿದಿಟ್ಟದ್ದೂ ತಪ್ಪು. ಹಿಡಿದವರಿಗೆ ಅದನ್ನು ಹೇಳ್ತೇನೆ. ಕ್ಯಾಪ್ಟನ್ ತಪ್ಪು ಮಾಡಿದ್ದಾನೆ ಅಂತ ಹೇಳಿದರೆ ನಮ್ಮ ಹುಡುಗನನ್ನು ಬಿಡ್ತಾರೆ ಅಂತ ಒಬ್ಬರು ಹೇಳಿದರು. ನನಗೆ ಗೊತ್ತಿಲ್ಲದ್ದನ್ನು ನಾನು ಹೇಳುವುದಿಲ್ಲ. ಅವನು ನನ್ನ ಕಣ್ಣಿನ ಬಗ್ಗೆ ಕೇಳಿದವನು."

ಎರಡೂ ಅಂಗೈಗಳನ್ನು ಕ್ಯಾಮರಾಕ್ಕೆ ಹಿಡಿದೆ. ಬೆರಳ ತುದಿಗಳ ಕಪ್ಪು, ಸುಟ್ಟ ಗುರುತುಗಳು, ಎಷ್ಟು ವರ್ಷವಾದರೂ ಹೋಗಿಲ್ಲ.

"ಇದು ಗೇರುಬೀಜದ ಸೊನೆ. ರೋಹಿತನ ಕೈಯಲ್ಲಿ ಎಂಜಿನಿನ ಗ್ರೀಸ್. ಇಂಥ ಕೈಯವರನ್ನು ಕೂಡಿಟ್ಟು ಯಾರೂ ಯುದ್ಧ ಗೆಲ್ಲುವುದಿಲ್ಲ. ಬಿಟ್ಟುಬಿಡಿ. ಅಷ್ಟೇ."

ಪ್ರಖ್ಯಾತ್ ಇನ್ನೇನೋ ಕೇಳಿದ. ನಾನು ಪಾಸ್ಕಲನ ತೋಳು ಹಿಡಿದು ಮನೆಗೆ ನಡೆದೆ.

ಐದು ಗಂಟೆಗೆ ಫೋನು.

"ನಾ ಬ್ಯಾಡ ಅಂದಿದ್ದೆ," ಎಂದರು ರಾಜಶ್ರೀ.

"ಹೌದು."

"ಅವರು ನೋಡ್ಯಾರ. ಆ ಮುದುಕಿ ಯಾವ ಪಕ್ಷದಾಕಿ ಅಂತ ಕೇಳಿದ್ರು."

"ನೀವು ಎಂತ ಹೇಳಿದಿರಿ?"

"ಯಾವ ಪಕ್ಷದಾಕೀನೂ ಅಲ್ಲ, ಬೀಜದ ಫ್ಯಾಕ್ಟರಿಯಾಕಿ ಅಂದೆ." ಅವರು ನಕ್ಕರೋ ಉಸಿರು ಬಿಟ್ಟರೋ ತಿಳಿಯಲಿಲ್ಲ. "ಅದಕ್ಕ ಏನೂ ಅನಲಿಲ್ಲ. ನೋಡೋಣು."

ಆರು ಗಂಟೆಯಾಯಿತು. ಅಕ್ಷಿತಾ ದಿಂಬಿನ ಅಡಿಯಿಂದ ಕಾಗದ ತೆಗೆದು ನನ್ನ ಮಡಿಲಿಗೆ ಹಾಕಿದಳು. ಓದಿ ಮುಗಿಸಿರಲಿಲ್ಲ, ಕಳಿಸಿರಲಿಲ್ಲ. ಆದರೆ ನನ್ನ ಮುಖ ನೋಡಲಿಲ್ಲ.

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಟಿವಿಯಲ್ಲಿ ನಾಲ್ಕು ಹೆಸರು ಬಂದವು. ಒಬ್ಬ ಕೇರಳದವ, ಒಬ್ಬ ಗುಜರಾತಿನವ, ಇಬ್ಬರು ಬಿಹಾರದವರು. ರೋಹಿತನ ಹೆಸರು ಇರಲಿಲ್ಲ.

ಅಕ್ಷಿತಾ ಟಿವಿ ಆರಿಸಿ ಕೋಣೆಗೆ ಹೋದಳು. ಬಾಗಿಲು ಹಾಕುವ ಮೊದಲು ಒಂದೇ ಮಾತು. "ನಿಮ್ಮ ಬಾಯಿ ನಿಮ್ಮದೇ ಉಳೀತು ಅಜ್ಜಿ."

ನಾನು ಗಂಜಿಗೆ ನೀರಿಟ್ಟೆ. ಬೇರೆ ಎಂತ ಮಾಡುವುದು? ಅಕ್ಕಿ ತೊಳೆದೆ. ಮಾಸ್ಟ್ರು ಹೇಳಿದ್ದನ್ನೇ ಹಿಡಿದುಕೊಂಡು ಒಬ್ಬ ಹುಡುಗನ ಜೀವದ ಮೇಲೆ ಕೂತೆನಾ ಎಂದು ನೂರು ಸಲ ಕೇಳಿಕೊಂಡೆ. ಆ ಕಾಗದ ಓದಿದ್ದರೆ? ಸುಮ್ಮನೆ ಇದ್ದಿದ್ದರೆ? ಗಂಜಿ ಬೆಂದು ಆರಿತು. ಅವಳು ಹೊರಗೆ ಬರಲಿಲ್ಲ. ವಿಕಾಸ್ ಬಂದು ಜಗಲಿಯಲ್ಲಿ ಕೂತ. ಬೆರಳಿಗೆ ಪಟ್ಟಿ ಕಟ್ಟಿಕೊಂಡಿದ್ದ. ಎದ್ದು ಹೋಗಲಿಲ್ಲ.

ಮಧ್ಯಾಹ್ನ ಮೂರು ಗಂಟೆ ಕಳೆದಿರಬೇಕು. ಅಕ್ಷಿತಾಳ ಫೋನು ಅಡುಗೆಮನೆಯಲ್ಲೇ ಇತ್ತು. ಗುರುತಿಲ್ಲದ ನಂಬರು, ಉದ್ದದ್ದು. ಏಜೆನ್ಸಿಯವನೋ ಎಂದುಕೊಂಡು ಎತ್ತಿದೆ.

"ಅಜ್ಜೀ, ಯಾನ್ ರೋಹಿತ್. ಒಣಸ್ ಆಂಡಾ?"

ಊಟ ಆಯಿತಾ ಎಂದು ಕೇಳಿದ. ತುಳುವಿನಲ್ಲಿ.

ಅವನ ಪಕ್ಕದಲ್ಲಿ ಯಾರಾದರೂ ಫೋನು ಕಿತ್ತುಕೊಳ್ಳುತ್ತಾರಾ ಎಂದು ಕಾದೆ. ಯಾರೂ ಕಿತ್ತುಕೊಳ್ಳಲಿಲ್ಲ. ಅವನು ತುಳುವಿನಲ್ಲೇ ಮಾತಾಡುತ್ತ ಹೋದ. ಮೂರನೆಯ ದೇಶದ ವಿಮಾನ ನಿಲ್ದಾಣದಲ್ಲಿದ್ದಾನೆ. ಬೆಳಿಗ್ಗೆ ಬಸ್ಸು ಹೊರಡುವ ಹೊತ್ತಿಗೆ ಅವನನ್ನೂ ಹತ್ತು ಎಂದರಂತೆ, ಐದನೆಯವನಾಗಿ. ಯಾಕೆಂದು ಹೇಳಲಿಲ್ಲವಂತೆ.

"ಅಕ್ಷೀ!" ಎಂದು ಕೂಗಿದೆ. ಅವಳಿಗಿಂತ ಮೊದಲು ಒಳಗೆ ಓಡಿ ಬಂದವನು ವಿಕಾಸ್.

ಆಮೇಲೆ ಮನೆಗೆ ಬಂದ ರೋಹಿತ್ ಒಂದು ಸಂಗತಿ ಹೇಳಿದ. ಭಾನುವಾರ ರಾತ್ರಿ ಕಾವಲಿನವನೊಬ್ಬ ಅವನಿಗೆ ನನ್ನ ವಿಡಿಯೊ ತೋರಿಸಿ, ಕೈಗಳು ಬಂದಲ್ಲಿ ನಿಲ್ಲಿಸಿ, ಇದೇನು ಎಂದು ಹಿಂದಿಯಲ್ಲಿ ಕೇಳಿದನಂತೆ. ಗೇರುಬೀಜದ ಸೊನೆ ಎಂದು ರೋಹಿತ್ ವಿವರಿಸಿದ. ಆ ಕಾವಲಿನವನ ಊರಿನಲ್ಲಿ ಹಸಿ ಅಕ್ರೋಟಿನ ಸಿಪ್ಪೆ ಸುಲಿಯುವ ಹೆಂಗಸರ ಕೈ ಹೀಗೆಯೇ ಕಪ್ಪಾಗುತ್ತದಂತೆ. ಅವನ ತಾಯಿಯದೂ. ಅಷ್ಟು ಹೇಳಿ ಅವನು ಎದ್ದು ಹೋದನಂತೆ. ಪಟ್ಟಿಗೆ ಹೆಸರು ಸೇರಿಸುವಷ್ಟು ದೊಡ್ಡವನಲ್ಲ ಅವನು. ನನ್ನ ಮಾತಿನಿಂದ ಆಯಿತೋ, ಮೂರನೆಯ ದೇಶದವರಿಂದ ಆಯಿತೋ, ರಾಜಶ್ರೀಯವರು ನಿದ್ದೆಗೆಟ್ಟದ್ದರಿಂದ ಆಯಿತೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಹೇಳುವುದಿಲ್ಲ ಎಂದು ಒಮ್ಮೆ ಹೇಳಿಯಾಗಿದೆ.

ಉಳಿದ ಹದಿನಾರು ಜನ ಇನ್ನೂ ಅಲ್ಲಿದ್ದಾರೆ, ಕ್ಯಾಪ್ಟನ್ನೂ ಸೇರಿ. ಪಟ್ಟಿ ಇನ್ನೂ ನಡೆಯುತ್ತಿದೆ. ಅದಕ್ಕೇ ಆ ದೇಶಗಳ ಹೆಸರು ಬರೆಯಲಿಲ್ಲ. ಸಂಜೆ ಐದಕ್ಕೆ ನಾನೇ ಈಗ ದೆಹಲಿಗೆ ಫೋನು ಮಾಡುತ್ತೇನೆ. "ಗ್ರ್ಯಾಂಡ್‌ಮದರ್ ಓಕೆ, ಎರಡೂ ಕಣ್ಣು ಚೆನ್ನಾಗಿ ಕಾಣ್ತದೆ ಅಂತ ಕ್ಯಾಪ್ಟನ್ನನಿಗೆ ಮುಟ್ಟಿಸಿ," ಎನ್ನುತ್ತೇನೆ.

"ಮುಟ್ಟಸ್ತೀನ್ರಿ," ಎನ್ನುತ್ತಾರೆ ರಾಜಶ್ರೀ.